ಹಾರ್ಮೋನ್ ಮಾತ್ರೆ ನಿಲ್ಲಿಸಿದ ಮೇಲೆ: ಮನೆಯವರಿಗೂ ಗೊತ್ತಿರಲಿ

ನಮ್ಮ ಮದ್ರಸದಲ್ಲಿ ಎಂಟು ವರ್ಷದ ಒಬ್ಬಳು ಹುಡುಗಿ ಇದ್ದಾಳೆ. ಕಳೆದ ವರ್ಷ ರಮಝಾನ್‌ಗೆ ಕೆಲವೇ ದಿನ ಬಾಕಿ ಇರುವಾಗ ಪಾಠದ ನಡುವೆ ಎದ್ದು ನಿಂತು ಕೇಳಿದಳು, "ಆಪಾ, ನಿಮ್ಗ ಜ್ವರಾ ಬಂದಾವೇನ್ರಿ? ಮಾರಿ ಎಲ್ಲಾ ಕೆಂಪಗ ಆಗ್ಯದ."

ಜ್ವರ ಇರಲಿಲ್ಲ. ಎದೆಯಿಂದ ಒಂದು ಬಿಸಿ ಎದ್ದು ಕುತ್ತಿಗೆ, ಮುಖ, ತಲೆಯವರೆಗೆ ಏರಿತ್ತು. ಮಫ್ತಾದ ಒಳಗೆ ಬೆವರು ಇಳಿಯುತ್ತಿತ್ತು. ಎರಡು ಮೂರು ನಿಮಿಷ ಕಳೆದ ಮೇಲೆ ಅದೇ ಬೆವರು ತಣ್ಣಗಾಗಿ ಮೈ ನಡುಗಿತು. ಅದೇ ದಿನ ಅದೇ ಹುಡುಗಿ ಒಂದು ಆಯತ್‌ನಲ್ಲಿ ತಪ್ಪಿದಾಗ ಅವಳು ಅಳುವಷ್ಟು ಬೈದೆವು. ಮನೆಗೆ ಬಂದು ನಾವೂ ಅತ್ತೆವು. ಮಗುವಿನ ತಪ್ಪು ಏನೂ ಇರಲಿಲ್ಲ. ಹದಿನೈದು ದಿನ ಹಿಂದೆ ನಾವು ಒಂದು ಮಾತ್ರೆಯನ್ನು ಯಾರಿಗೂ ಹೇಳದೆ ನಿಲ್ಲಿಸಿದ್ದೆವು.

ಕೆಲವು ವಿಷಯಗಳನ್ನು ನಮ್ಮ ಮನೆಗಳಲ್ಲಿ ಅಡುಗೆ ಕೋಣೆಯ ಒಳಗೂ ಮೆಲುದನಿಯಲ್ಲೇ ಮಾತನಾಡುತ್ತಾರೆ. ಮುಟ್ಟು ನಿಲ್ಲುವುದು ಅಂಥ ಒಂದು ವಿಷಯ. ಅದಕ್ಕೆ ಮಾತ್ರೆ ತಿನ್ನುವುದಂತೂ ಇನ್ನೂ ಗುಟ್ಟು. ಹಾಗಿರುವಾಗ ಆ ಮಾತ್ರೆ ನಿಲ್ಲಿಸಿದ್ದನ್ನು ಯಾರಿಗೆ ಹೇಳುವುದು? ಅನ್ಸಾರಿ ಮಹಿಳೆಯರು ಧರ್ಮದ ವಿಷಯವನ್ನು ತಿಳಿದುಕೊಳ್ಳಲು ನಾಚಿಕೊಳ್ಳುತ್ತಿರಲಿಲ್ಲ ಎಂದು ಆಯಿಷಾ ಬೀವಿ ಅವರನ್ನು ಮೆಚ್ಚಿದ್ದನ್ನು ನಾವು ಹುಡುಗಿಯರಿಗೆ ಪಾಠದಲ್ಲಿ ಹೇಳುತ್ತೇವೆ. ಹೇಳಿಕೊಡುವ ನಮಗೇ ಅದು ಕಷ್ಟವಾಗಿತ್ತು. ಅದಕ್ಕಾಗಿಯೇ ಈ ಬರಹ.

ಸೆಕೆ ಬೇರೆ, ಧಗೆ ಬೇರೆ

ನಮ್ಮ ಊರು ಉಪ್ಪಿನಂಗಡಿ ಕಡೆ. ಮನೆಯವರ ಬೇಕರಿ ವ್ಯಾಪಾರದಿಂದಾಗಿ ಹನ್ನೊಂದು ವರ್ಷದಿಂದ ವಿಜಯಪುರ ಜಿಲ್ಲೆಯ ಆಲಮೇಲದಲ್ಲಿದ್ದೇವೆ. ಮೊದಲು ಸಿಂದಗಿ ತಾಲೂಕಿನಲ್ಲಿದ್ದ ಈ ಊರು ಈಗ ತಾನೇ ತಾಲೂಕು ಕೇಂದ್ರ. ಸುತ್ತ ಕಬ್ಬು, ತೊಗರಿ, ಜೋಳ. ಊರಿನ ಸೆಕೆಗೆ ಬೆವರಿ ಬೆಳೆದ ನಮಗೆ ಇಲ್ಲಿಯ ಬಿಸಿಲು ಮೊದಮೊದಲು ಹೆದರಿಕೆ ಹುಟ್ಟಿಸಿತ್ತು. ಏಪ್ರಿಲ್, ಮೇಯಲ್ಲಿ 40 ಡಿಗ್ರಿ ದಾಟುವುದು ಇಲ್ಲಿ ದೊಡ್ಡ ಸುದ್ದಿಯಲ್ಲ. ಆದ್ದರಿಂದ 45ನೇ ವಯಸ್ಸಿಗೆ ಮುಟ್ಟು ನಿಂತು ಮೈ ಬಿಸಿಯಾಗತೊಡಗಿದಾಗ ಇದು ಆಲಮೇಲದ ಬಿಸಿಲೇ ಎಂದುಕೊಂಡೆವು. ಡಿಸೆಂಬರಿನ ಚಳಿಯಲ್ಲೂ ನಡುರಾತ್ರಿ ಎದ್ದು ಕಂಬಳಿ ಒದೆಯಬೇಕಾಗಿ ಬಂದಾಗ ಬಿಸಿಲಿನ ಮೇಲೆ ತಪ್ಪು ಹೊರಿಸಲು ಆಗಲಿಲ್ಲ.

ವೈದ್ಯರು ಇದಕ್ಕೆ ಹಾಟ್ ಫ್ಲಶ್ ಎನ್ನುತ್ತಾರೆ. ನಾವಿಲ್ಲಿ ಧಗೆ ಎನ್ನೋಣ. ಭಾರತದ ಮಹಿಳೆಯರಿಗೆ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 46-47. ಆ ಹೊತ್ತಿಗೆ ಅಂಡಾಶಯಗಳು ಈಸ್ಟ್ರೋಜನ್ ಎಂಬ ಹಾರ್ಮೋನ್ ಮಾಡುವುದನ್ನು ಕಡಿಮೆ ಮಾಡುತ್ತವೆ. ನಮ್ಮ ಮೈಯ ಬಿಸಿ ಎಷ್ಟಿರಬೇಕು ಎಂದು ನೋಡಿಕೊಳ್ಳುವ ಒಂದು ಭಾಗ ಮಿದುಳಿನಲ್ಲಿದೆ. ಈಸ್ಟ್ರೋಜನ್ ಕಡಿಮೆಯಾದಾಗ ಅದು ಅತಿ ಸೂಕ್ಷ್ಮವಾಗುತ್ತದೆ. ಮೈ ಬಿಸಿ ಸ್ವಲ್ಪ ಏರಿದರೂ ಸಾಕು, ಬೆಂಕಿ ಬಿದ್ದಿತೆಂದು ತಿಳಿದು ರಕ್ತವನ್ನು ಚರ್ಮದತ್ತ ನೂಕಿ ಬೆವರು ಸುರಿಸುತ್ತದೆ. ಎದೆಬಡಿತ ಹೆಚ್ಚುತ್ತದೆ, ನಿದ್ದೆ ಕೆಡುತ್ತದೆ. ನಿದ್ದೆ ಕೆಟ್ಟರೆ ಮನಸ್ಸೂ ಕೆಡುತ್ತದೆ.

ಇದು ತಡೆಯಲಾಗದಷ್ಟು ಇದ್ದರೆ ವೈದ್ಯರು ಕಡಿಮೆಯಾದ ಹಾರ್ಮೋನನ್ನು ಮಾತ್ರೆ, ಪಟ್ಟಿ ಅಥವಾ ಜೆಲ್ ರೂಪದಲ್ಲಿ ಕೊಡುತ್ತಾರೆ. ಗರ್ಭಕೋಶ ಇರುವವರಿಗೆ ಈಸ್ಟ್ರೋಜನ್ ಜೊತೆ ಪ್ರೊಜೆಸ್ಟರಾನ್ ಕೂಡ ಬೇಕು. ಈಸ್ಟ್ರೋಜನ್ ಒಂದನ್ನೇ ತಿಂದರೆ ಗರ್ಭಕೋಶದ ಒಳಪೊರೆ ದಪ್ಪವಾಗಿ ಮುಂದೆ ಕ್ಯಾನ್ಸರ್‌ಗೂ ದಾರಿಯಾಗಬಹುದು. ಗರ್ಭಕೋಶ ತೆಗೆಸಿಕೊಂಡವರಿಗೆ ಸಾಮಾನ್ಯವಾಗಿ ಈಸ್ಟ್ರೋಜನ್ ಮಾತ್ರ ಸಾಕು. ನಮಗೆ ಎರಡೂ ಇದ್ದವು. ಮಾತ್ರೆ ಶುರುಮಾಡಿ ತಿಂಗಳಾಗುವುದರೊಳಗೆ ರಾತ್ರಿ ನಿದ್ದೆ ಬರತೊಡಗಿತು.

ನಾವು ಮಾಡಿದ ತಪ್ಪು

ಮೂರು ವರ್ಷ ಹಾಗೆ ನಡೆಯಿತು. ಒಂದು ತಪಾಸಣೆಯಲ್ಲಿ ವೈದ್ಯರು ಬಿಪಿ ಸ್ವಲ್ಪ ಏರಿದ್ದನ್ನು ನೋಡಿ, "ಇನ್ನು ನಿಧಾನಕ್ಕೆ ಕಡಿಮೆ ಮಾಡೋಣ, ಸ್ಟ್ರಿಪ್ ಮುಗಿಯುವ ಮೊದಲು ಬನ್ನಿ" ಎಂದಿದ್ದರು. ನಮ್ಮ ಕಿವಿಗೆ "ಕಡಿಮೆ ಮಾಡೋಣ" ಎಂಬುದಷ್ಟೇ ಬಿತ್ತು. ಸ್ಟ್ರಿಪ್ ಮುಗಿದಾಗ ಆಲಮೇಲದಲ್ಲಿ ಕೇಳಿದ ಅಂಗಡಿಯಲ್ಲಿ ಆ ಮಾತ್ರೆ ಇರಲಿಲ್ಲ. ಅದಕ್ಕಾಗಿ ವಿಜಯಪುರಕ್ಕೆ ಹೋಗಬೇಕು. ಬೇಕರಿಯಲ್ಲಿ ರಮಝಾನ್ ಕೆಲಸ ಶುರುವಾಗಿತ್ತು. ಮನೆಯವರನ್ನು ಕರೆಯಲು ಮನಸ್ಸಾಗಲಿಲ್ಲ. ಹೇಗೂ ನಿಲ್ಲಿಸಲು ಹೇಳಿದ್ದಾರಲ್ಲಾ ಎಂದು ಒಂದೇ ದಿನದಲ್ಲಿ ಬಿಟ್ಟೆವು.

ಮೊದಲ ಹತ್ತು ದಿನ ಏನೂ ಆಗಲಿಲ್ಲ. ಅನಂತರ ಧಗೆ ಹಿಂತಿರುಗಿತು. ದಿನಕ್ಕೆ ಎಂಟು, ಹತ್ತು ಸಲ. ತರಾವೀಹ್‌ನಲ್ಲಿ ನಿಂತಲ್ಲೇ ತಲೆ ಸುತ್ತುತ್ತಿತ್ತು. ಸಹರಿಗೆ ಏಳುವ ಮೊದಲೇ ಬೆವರಿ ಎರಡು ಸಲ ಬಟ್ಟೆ ಬದಲಿಸಬೇಕಾಗುತ್ತಿತ್ತು. ಕೀಲು ನೋವು, ಮರೆವು, ಸಣ್ಣ ಮಾತಿಗೂ ಸಿಟ್ಟು. ಉಮ್ಮ ಬೇಸರಗೊಂಡಿದ್ದಾರೆ ಎಂದು ಮಗ ನಮ್ಮೊಡನೆ ಮಾತು ಕಡಿಮೆ ಮಾಡಿದ. ಮನೆಯವರು ಏನೋ ತಪ್ಪು ಮಾಡಿರಬೇಕೆಂದು ತಾವೇ ಸುಮ್ಮನಾದರು. ಊರಿಂದ ಫೋನ್ ಮಾಡಿದ ಮಾಮಿ "ಯಾರದೋ ಕಣ್ಣು ತಾಗಿದೆ" ಎಂದರು. ಒಂದು ಮಾತ್ರೆಯಿಂದ ಹೀಗಾಗಿದೆ ಎಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೇಳಬೇಕಾದ ನಾವೇ ಹೇಳಿರಲಿಲ್ಲ.

ಇದು ನಮಗೆ ಮಾತ್ರ ಆದದ್ದಲ್ಲ ಎಂದು ಆಮೇಲೆ ತಿಳಿಯಿತು. ಮಾತ್ರೆ ಋತುಬಂಧವನ್ನು ಗುಣಪಡಿಸುವುದಿಲ್ಲ. ಅದು ಧಗೆಯನ್ನು ಮುಚ್ಚಿ ಇಡುತ್ತದೆ, ಅಷ್ಟೇ. ಧಗೆಯ ಕಾಲ ಇನ್ನೂ ಮುಗಿಯದೆ ಇದ್ದರೆ ಮಾತ್ರೆ ತೆಗೆದ ಕೂಡಲೇ ಅದು ಮತ್ತೆ ಕಾಣಿಸಿಕೊಳ್ಳುತ್ತದೆ. ಅಮೆರಿಕದ ಮಹಿಳೆಯರನ್ನು ವರ್ಷಗಟ್ಟಲೆ ಗಮನಿಸಿ 2015ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದ ಪ್ರಕಾರ, ಪದೇಪದೇ ಧಗೆ ಬರುವವರಲ್ಲಿ ಅರ್ಧದಷ್ಟು ಮಂದಿಗೆ ಅದು ಏಳು ವರ್ಷಕ್ಕಿಂತಲೂ ಹೆಚ್ಚು ಕಾಲ ಇತ್ತು.

ಹೆದರಿಕೆ ಎಲ್ಲಿಂದ ಬಂತು?

ಈ ಮಾತ್ರೆಗಳನ್ನು ಹಲವರು ವೈದ್ಯರ ಮಾತಿನಿಂದ ನಿಲ್ಲಿಸುವುದಿಲ್ಲ, ಹೆದರಿಕೆಯಿಂದ ನಿಲ್ಲಿಸುತ್ತಾರೆ. ಆ ಹೆದರಿಕೆಗೂ ಒಂದು ಚರಿತ್ರೆ ಇದೆ.

ಅಮೆರಿಕದಲ್ಲಿ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಎಂಬ ದೊಡ್ಡ ಅಧ್ಯಯನ ನಡೆಯುತ್ತಿತ್ತು. ಎರಡೂ ಹಾರ್ಮೋನ್ ಇರುವ ಮಾತ್ರೆಯನ್ನು 16,608 ಮಹಿಳೆಯರಲ್ಲಿ ಪರೀಕ್ಷಿಸುತ್ತಿದ್ದರು. 2002ರ ಜುಲೈಯಲ್ಲಿ ಅದನ್ನು ಅವಧಿಗೆ ಮೊದಲೇ ನಿಲ್ಲಿಸಿದರು. ವರ್ಷಕ್ಕೆ 10,000 ಮಹಿಳೆಯರಲ್ಲಿ, ಮಾತ್ರೆ ತಿನ್ನದವರ ಪೈಕಿ 30 ಮಂದಿಗೆ ಸ್ತನ ಕ್ಯಾನ್ಸರ್ ಬಂದರೆ ಮಾತ್ರೆ ತಿಂದವರ ಪೈಕಿ 38 ಮಂದಿಗೆ ಬಂದಿತ್ತು. ಪಾರ್ಶ್ವವಾಯು, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು ಕೂಡ ಹೆಚ್ಚಿತ್ತು. ಸೊಂಟದ ಮೂಳೆ ಮುರಿತ ಕಡಿಮೆಯಾಗಿತ್ತು. ಸುದ್ದಿ ಜಗತ್ತಿಗೆಲ್ಲ ಹರಡಿ ಲಕ್ಷಾಂತರ ಮಹಿಳೆಯರು ಮಾತ್ರೆ ಬಿಟ್ಟರು.

ಒಂದು ವಿಷಯ ಮಾತ್ರ ಸುದ್ದಿಯ ಗದ್ದಲದಲ್ಲಿ ಮರೆತುಹೋಯಿತು. ಆ ಅಧ್ಯಯನದಲ್ಲಿದ್ದವರ ಸರಾಸರಿ ವಯಸ್ಸು 63. ಮುಟ್ಟು ನಿಂತು ಹತ್ತಾರು ವರ್ಷವಾದವರೇ ಹೆಚ್ಚು. 45-50ರಲ್ಲಿ ಧಗೆ ತಡೆಯಲಾಗದೆ ಮಾತ್ರೆ ಶುರುಮಾಡಿದವರ ಲೆಕ್ಕ ಹಾಗಲ್ಲ ಎಂದು ವೈದ್ಯಲೋಕ ಆಮೇಲೆ ಹೇಳುತ್ತಾ ಬಂದಿದೆ. ಅಪಾಯವೇ ಇಲ್ಲ ಎಂದಲ್ಲ. ವಯಸ್ಸು, ಎಷ್ಟು ವರ್ಷ, ಯಾವ ಮಾತ್ರೆ, ಮನೆತನದಲ್ಲಿ ಯಾರಿಗಾದರೂ ಕ್ಯಾನ್ಸರ್ ಇತ್ತೇ, ರಕ್ತ ಹೆಪ್ಪುಗಟ್ಟಿತ್ತೇ ಎಂಬುದನ್ನೆಲ್ಲ ನೋಡಿ ಒಬ್ಬೊಬ್ಬರಿಗೆ ಒಂದೊಂದು ತೀರ್ಮಾನ.

ಅದೇ ಅಧ್ಯಯನದವರನ್ನು ಮಾತ್ರೆ ನಿಲ್ಲಿಸಿದ ಮೇಲೂ ವಿಚಾರಿಸಿ 2005ರಲ್ಲಿ ಫಲಿತಾಂಶ ಪ್ರಕಟಿಸಿದರು. ನಿಜವಾದ ಮಾತ್ರೆ ನಿಲ್ಲಿಸಿದವರಲ್ಲಿ ಶೇ. 21 ಮಂದಿಗೆ ಸಾಕಷ್ಟು ಜೋರಾದ ಧಗೆ, ರಾತ್ರಿ ಬೆವರು ಬಂದಿತ್ತು. ಔಷಧವಿಲ್ಲದ ಮಾತ್ರೆ ತಿಂದು ನಿಲ್ಲಿಸಿದವರಲ್ಲಿ ಅದು ಶೇ. 5ರಷ್ಟು ಮಾತ್ರ. ಮಾತ್ರೆ ಶುರುಮಾಡುವಾಗಲೇ ಧಗೆ ಇದ್ದವರಲ್ಲಂತೂ ಅರ್ಧಕ್ಕಿಂತ ಹೆಚ್ಚು ಮಂದಿಗೆ ಅದು ಹಿಂತಿರುಗಿತು. ಅಂದರೆ ನಮಗೆ ಆದದ್ದು ಮನಸ್ಸಿನ ಭ್ರಮೆಯೂ ಅಲ್ಲ, ಸಬರ್ ಇಲ್ಲದ್ದೂ ಅಲ್ಲ.

ಇನ್ನೊಂದು ಹೆದರಿಕೆ ನಮ್ಮವರದ್ದೇ. ಮದ್ರಸಕ್ಕೆ ಮಗಳನ್ನು ಬಿಡಲು ಬರುವ ಒಬ್ಬ ತಾಯಿ, "ಆ ಗುಳಿಗಿ ಕುದುರಿ ಮೂತ್ರದಾಗ ಮಾಡ್ತಾರಂತಲ್ರಿ ಆಪಾ?" ಎಂದು ಕೇಳಿದರು. ಕೇಳಿದ ರಾತ್ರಿಯೇ ತಿನ್ನುವುದನ್ನು ಬಿಟ್ಟಿದ್ದರಂತೆ. ಮಾತು ಪೂರ್ತಿ ಸುಳ್ಳಲ್ಲ. 2002ರ ಆ ಅಧ್ಯಯನದಲ್ಲಿ ಬಳಸಿದ ಒಂದು ಬಗೆಯ ಈಸ್ಟ್ರೋಜನನ್ನು ಗರ್ಭಿಣಿ ಕುದುರೆಗಳ ಮೂತ್ರದಿಂದಲೇ ತೆಗೆಯುತ್ತಾರೆ. ಆದರೆ ಎಲ್ಲ ಮಾತ್ರೆಗಳೂ ಹಾಗಲ್ಲ. ಎಸ್ಟ್ರಾಡಯೋಲ್ ಎಂಬುದನ್ನು ಸಸ್ಯಮೂಲದಿಂದ ತಯಾರಿಸುತ್ತಾರೆ, ಅದು ನಮ್ಮಲ್ಲೂ ಸಿಗುತ್ತದೆ. ಸಂಶಯ ಇದ್ದವರು ವೈದ್ಯರಲ್ಲಿ ಹೇಳಿ ಬದಲಾಯಿಸಿಕೊಳ್ಳಬಹುದು, ಉಸ್ತಾದರಲ್ಲೂ ಕೇಳಬಹುದು. ಒಂದೇ ರಾತ್ರಿಯಲ್ಲಿ ಬಿಡಬೇಕಾಗಿಲ್ಲ.

ಪಕ್ಕದ ಓಣಿಯ ಹೆಣ್ಣುಮಗಳು

ಆ ರಮಝಾನ್‌ನಲ್ಲೇ ನಮ್ಮ ಕಣ್ಣು ತೆರೆಸಿದ್ದು ಪಕ್ಕದ ಓಣಿಯ ಒಬ್ಬಳು ಹೆಣ್ಣುಮಗಳು. ಹೊಲದ ಕೂಲಿಗೆ ಹೋಗುವವಳು, ಕಬ್ಬಿನ ಕಾಲದಲ್ಲಿ ಕಬ್ಬು ಕಡಿಯಲೂ ಹೋಗುತ್ತಾಳೆ. ವಯಸ್ಸು 37. ಬಟ್ಟೆ ಒಗೆಯುವಾಗ ಕಾಲು ಜಾರಿ ಕೈಯೂರಿದ್ದಷ್ಟೇ, ಮಣಿಕಟ್ಟು ಮುರಿಯಿತು. "ಇಷ್ಟ್ ಸಣ್ಣ ಪೆಟ್ಟಿಗೆ ಎಲುಬು ಮುರೀತದೇನು?" ಎಂದು ಎಕ್ಸ್‌ರೇ ನೋಡಿದವರು ಕೇಳಿದರಂತೆ.

ಇಫ್ತಾರ್‌ಗೆ ಮಾಡಿದ ಗಂಜಿ ಕೊಡಲು ಹೋದಾಗ ಮಾತು ಹೊರಬಂತು. "31ಕ್ಕ ಚೀಲಾ ತೆಗಿಸಿನ್ರಿ ಅಕ್ಕಾರ. ಬಾಳ ಹೋಗ್ತಿತ್ತು, ತೆಗಿಸಿದ್ರ ಸುದ್ದ ಆಗ್ತದ ಅಂದ್ರು. ಆಮ್ಯಾಲ ಮೈಯೆಲ್ಲಾ ಬೆಂಕಿ. ಗುಳಿಗಿ ಕೊಟ್ರು, ಬೆಂಕಿ ನಿಂತು. ನಿಂತ ಮ್ಯಾಲ ಗುಳಿಗಿ ಯಾಕ ಅಂತ ವರ್ಷಕ್ಕ ಬಿಟ್ಟೆ. ಮತ್ತ ಹತ್ತಿತು. ಚೀಲ ತೆಗೆಸಿದವರಿಗೆ ಹಿಂಗ ಅಂತ ಎಲ್ಲಾರೂ ಅಂದ್ರು. ತಡ್ಕೊಂಡೆ."

ಆರು ವರ್ಷದ ಹಿಂದಿನ ಆಸ್ಪತ್ರೆ ಕಾಗದವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟಿದ್ದಳು. ಪಿಯುಸಿಯಲ್ಲಿ ಕಲಿತ ಇಂಗ್ಲಿಷ್‌ನಲ್ಲಿ ಅಕ್ಷರ ಕೂಡಿಸಿ ಓದಿದೆವು. ಗರ್ಭಕೋಶದ ಜೊತೆಗೆ ಎರಡೂ ಅಂಡಾಶಯಗಳನ್ನು ತೆಗೆಯಲಾಗಿದೆ ಎಂದಿತ್ತು. ಅಂಡಾಶಯ ತೆಗೆದ ದಿನವೇ ಋತುಬಂಧ ಬಂದ ಹಾಗೆ. ನಮಗೆ 45ಕ್ಕೆ ಆದದ್ದು ಅವಳಿಗೆ 31ಕ್ಕೆ ಆಗಿತ್ತು, ಅದೂ ಒಂದೇ ದಿನದಲ್ಲಿ. ಹಾಗೆಂದು ಅವಳಿಗೆ ಯಾರೂ ತಿಳಿಯುವ ಹಾಗೆ ಹೇಳಿರಲಿಲ್ಲ.

ಇಲ್ಲೇ ನಾವು ಒಂದು ಮುಖ್ಯ ವ್ಯತ್ಯಾಸ ತಿಳಿಯಬೇಕು. ಈಸ್ಟ್ರೋಜನ್ ಧಗೆಯನ್ನು ಮಾತ್ರ ತಡೆಯುವುದಲ್ಲ, ಮೂಳೆಯನ್ನೂ ಕಾಯುತ್ತದೆ. 45 ವರ್ಷಕ್ಕೆ ಮೊದಲೇ ಮುಟ್ಟು ನಿಂತವರಿಗೆ, ಅಂಡಾಶಯ ತೆಗೆಸಿಕೊಂಡವರಿಗೆ ಮೂಳೆ ಸವೆತ, ಹೃದಯರೋಗದ ಅಪಾಯ ಜಾಸ್ತಿ. ಆದ್ದರಿಂದ ಕ್ಯಾನ್ಸರ್‌ನಂಥ ಬೇರೆ ಅಡ್ಡಿ ಇಲ್ಲದಿದ್ದರೆ ಅಂಥವರು ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗಾದರೂ ಹಾರ್ಮೋನ್ ತೆಗೆದುಕೊಳ್ಳುವುದು ಒಳ್ಳೆಯದು ಎಂಬುದು ವೈದ್ಯರ ಸಾಮಾನ್ಯ ಸಲಹೆ. 63ರ ಸರಾಸರಿ ವಯಸ್ಸಿನವರ ಲೆಕ್ಕ ಹೇಳಿ 31ರವಳನ್ನು ಹೆದರಿಸುವುದು ಸರಿಯಲ್ಲ. ನಾವು ಮಾತ್ರೆಯನ್ನು ತಪ್ಪು ರೀತಿಯಲ್ಲಿ ನಿಲ್ಲಿಸಿದ್ದೆವು. ಅವಳು ನಿಲ್ಲಿಸಲೇಬಾರದಿತ್ತು.

ಈ ಭಾಗದಲ್ಲಿ ಅವಳಂಥವರು ಒಬ್ಬಿಬ್ಬರಲ್ಲ. ಪಕ್ಕದ ಕಲಬುರಗಿ ಜಿಲ್ಲೆಯಲ್ಲಿ ಲಂಬಾಣಿ ತಾಂಡಾಗಳ, ದಲಿತ ಕೇರಿಗಳ ಎರಡು ಸಾವಿರಕ್ಕೂ ಹೆಚ್ಚು ಮಹಿಳೆಯರ ಗರ್ಭಕೋಶವನ್ನು ಅಗತ್ಯವಿಲ್ಲದೆ ತೆಗೆಯಲಾಗಿದೆ ಎಂದು ಹೋರಾಟಗಾರರು ದೂರಿದ್ದರು. 2016ರ ಫೆಬ್ರವರಿಯಲ್ಲಿ ಆ ಮಹಿಳೆಯರು ಕಲಬುರಗಿಯಲ್ಲಿ ಬೀದಿಗಿಳಿದು ನ್ಯಾಯ ಕೇಳಿದರು. ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಮಹಿಳೆಯರ ಬಗ್ಗೆ ಅಲ್ಲಿಯ ಸರಕಾರ 2019ರಲ್ಲಿ ಸಮಿತಿ ನೇಮಿಸಿ ವಿಚಾರಿಸಿದಾಗ, 82 ಸಾವಿರಕ್ಕೂ ಹೆಚ್ಚು ಮಂದಿಯಲ್ಲಿ 13 ಸಾವಿರಕ್ಕೂ ಹೆಚ್ಚು ಮಂದಿ ಗರ್ಭಕೋಶ ತೆಗೆಸಿಕೊಂಡಿದ್ದರು. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳಲ್ಲಿ ಜಾರಿಗೆ ತರುವಂತೆ ರಾಜ್ಯಗಳಿಗೆ ಹೇಳಿತು. ಶಸ್ತ್ರಚಿಕಿತ್ಸೆಯ ಸುದ್ದಿ ಪತ್ರಿಕೆಯಲ್ಲಿ ಬರುತ್ತದೆ. ಆಮೇಲಿನ ವರ್ಷಗಳ ಧಗೆ, ಮುರಿಯುವ ಮೂಳೆ ಬರುವುದಿಲ್ಲ.

ನಮ್ಮ ಊರಿನ ಮನೆಗಳಲ್ಲೂ ಗರ್ಭಕೋಶ ತೆಗೆಸಿಕೊಂಡ ಅಕ್ಕ, ಚಿಕ್ಕಮ್ಮ ಇರುತ್ತಾರೆ. ಅವರಲ್ಲಿ ಒಂದು ಪ್ರಶ್ನೆ ಕೇಳಿ: ಅಂಡಾಶಯ ಉಳಿಸಿದ್ದಾರೋ, ತೆಗೆದಿದ್ದಾರೋ? ಹಲವರಿಗೆ ಗೊತ್ತಿರುವುದಿಲ್ಲ. ಡಿಸ್ಚಾರ್ಜ್ ಕಾಗದದಲ್ಲಿ ಬರೆದಿರುತ್ತದೆ. ಅದನ್ನು ಹುಡುಕಿ ಓದುವ ಮಕ್ಕಳು ಈಗ ಪ್ರತಿ ಮನೆಯಲ್ಲೂ ಇದ್ದಾರೆ.

ಏನು ಮಾಡಬಹುದು?

ಇಬ್ಬರೂ ಒಟ್ಟಿಗೆ ವಿಜಯಪುರಕ್ಕೆ ಹೋದೆವು. ನಮಗೆ ಕಡಿಮೆ ಪ್ರಮಾಣದ ಮಾತ್ರೆ ಮತ್ತೆ ಕೊಟ್ಟು ನಾಲ್ಕು ತಿಂಗಳಲ್ಲಿ ಹಂತ ಹಂತವಾಗಿ ನಿಲ್ಲಿಸಿದರು. ಅವಳಿಗೆ ಈಸ್ಟ್ರೋಜನ್, ಕ್ಯಾಲ್ಸಿಯಂ ಮತ್ತೆ ಶುರುವಾಯಿತು. ಅಲ್ಲಿ ಕೇಳಿ ತಿಳಿದದ್ದನ್ನು, ಆಮೇಲೆ ಓದಿದ್ದನ್ನು ಇಲ್ಲಿ ಹೇಳುತ್ತೇವೆ. ಇದು ವೈದ್ಯರ ಬದಲಿಗೆ ಅಲ್ಲ, ವೈದ್ಯರ ಬಳಿ ಹೋಗುವ ಧೈರ್ಯಕ್ಕೆ.

ನಿಲ್ಲಿಸುವ ಬಗೆ. ನಿಧಾನವಾಗಿ ಕಡಿಮೆ ಮಾಡಿದರೆ ಮೊದಲ ಕೆಲವು ತಿಂಗಳ ತೊಂದರೆ ತಗ್ಗಬಹುದು. ದೀರ್ಘಕಾಲದಲ್ಲಿ ಒಮ್ಮೆಲೇ ನಿಲ್ಲಿಸಿದವರಿಗೂ ನಿಧಾನ ನಿಲ್ಲಿಸಿದವರಿಗೂ ದೊಡ್ಡ ವ್ಯತ್ಯಾಸವಿಲ್ಲ ಎನ್ನುತ್ತಾರೆ. ಆದರೆ ಮದ್ರಸ, ಅಡುಗೆ, ವೃದ್ಧರ ಆರೈಕೆ ಎಲ್ಲವನ್ನೂ ನೋಡಿಕೊಳ್ಳುವವರಿಗೆ ಆ ಕೆಲವು ತಿಂಗಳು ಸಣ್ಣದಲ್ಲ. ಕಡಿಮೆ ಮಾಡುವ ಲೆಕ್ಕವನ್ನು ವೈದ್ಯರೇ ಬರೆದುಕೊಡಲಿ. ಗರ್ಭಕೋಶ ಇರುವವರು ಎರಡರಲ್ಲಿ ಪ್ರೊಜೆಸ್ಟರಾನ್ ಒಂದನ್ನೇ ಬಿಟ್ಟು ಈಸ್ಟ್ರೋಜನ್ ಮುಂದುವರಿಸಲೇಬಾರದು. ಸ್ತನ ಕ್ಯಾನ್ಸರ್, ರಕ್ತ ಹೆಪ್ಪುಗಟ್ಟಿದ ಕಾರಣಕ್ಕೆ ಕೂಡಲೇ ನಿಲ್ಲಿಸಿ ಎಂದು ವೈದ್ಯರು ಹೇಳಿದರೆ ಅದು ಬೇರೆ ಮಾತು, ಕೂಡಲೇ ನಿಲ್ಲಿಸಬೇಕು.

ಸಮಯ. ಕಷ್ಟವಾಗದ ಕಾಲ ಆರಿಸಿ. ಆಲಮೇಲದವರು ಏಪ್ರಿಲ್‌ನಲ್ಲಿ, ಎಲ್ಲರೂ ರಮಝಾನ್‌ನಲ್ಲಿ, ಮಗಳ ಮದುವೆಯ ತಿಂಗಳಲ್ಲಿ ಶುರುಮಾಡುವುದು ಬೇಡ.

ಬರೆದಿಡುವುದು. ದಿನಕ್ಕೆ ಎಷ್ಟು ಸಲ ಧಗೆ, ರಾತ್ರಿ ಎಷ್ಟು ಸಲ ಎಚ್ಚರ ಎಂದು ಒಂದು ನೋಟ್‌ಬುಕ್‌ನಲ್ಲಿ ಗುರುತು ಹಾಕಿ. ನಮ್ಮದು ದಿನಕ್ಕೆ ಹತ್ತರಿಂದ ಮೂರಕ್ಕೆ ಇಳಿಯಲು ಐದು ತಿಂಗಳು ಬೇಕಾಯಿತು. ಬರೆದಿಡದಿದ್ದರೆ ಇಳಿದದ್ದೇ ತಿಳಿಯುತ್ತಿರಲಿಲ್ಲ. ಈಗಲೂ ಪೂರ್ತಿ ಹೋಗಿಲ್ಲ.

ಹಾರ್ಮೋನ್ ಅಲ್ಲದ ಔಷಧ. ಹಾರ್ಮೋನ್ ತಿನ್ನಬಾರದವರಿಗೆ ಬೇರೆ ಔಷಧಗಳಿವೆ. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳು, ನರನೋವಿಗೆ ಕೊಡುವ ಗ್ಯಾಬಾಪೆಂಟಿನ್ ಕೂಡ ಧಗೆ ಕಡಿಮೆ ಮಾಡುತ್ತವೆ. "ನನಗೆ ಹುಚ್ಚಿನ ಮಾತ್ರೆ ಕೊಟ್ಟರು" ಎಂದು ಬೇಸರಿಸಬೇಕಾಗಿಲ್ಲ. ಸ್ತನ ಕ್ಯಾನ್ಸರ್‌ಗೆ ಟಮಾಕ್ಸಿಫೆನ್ ತಿನ್ನುವವರು ಅದನ್ನು ವೈದ್ಯರಿಗೆ ತಪ್ಪದೆ ಹೇಳಬೇಕು, ಕೆಲವು ಮಾತ್ರೆಗಳು ಅದರೊಡನೆ ಹೊಂದುವುದಿಲ್ಲ. ಯೋಚನೆಯ ರೀತಿ ಬದಲಿಸಲು ಕಲಿಸುವ ಆಪ್ತಸಮಾಲೋಚನೆಯಿಂದಲೂ ಧಗೆಯ ಕಾಟ, ನಿದ್ದೆಗೇಡು ತಗ್ಗುತ್ತದೆ. ತೂಕ ಹೆಚ್ಚಿದ್ದವರು ಇಳಿಸಿದರೆ ಪ್ರಯೋಜನ ಇದೆ. ಅಂಗಡಿಯಲ್ಲಿ "ಲೇಡೀಸ್ ಟಾನಿಕ್" ಎಂದು ಮಾರುವ ಬೇರು, ಎಣ್ಣೆಗಳಿಗೆ ದುಡ್ಡು ಸುರಿಯುವ ಮೊದಲು ವೈದ್ಯರಲ್ಲಿ ಕೇಳಿ.

ಮನೆಯ ಉಪಾಯ. ಇವು ರೋಗ ಗುಣಪಡಿಸುವುದಿಲ್ಲ, ದಿನ ದಾಟಿಸುತ್ತವೆ. ಬುರ್ಖಾದ ಒಳಗೆ ಹತ್ತಿ ಬಟ್ಟೆ, ಹಾಸಿಗೆಗೆ ಹತ್ತಿ ಚಾದರ, ತಲೆದೆಸೆಯಲ್ಲಿ ನೀರು, ಕೈಗೆ ಸಿಗುವಲ್ಲಿ ಒಂದು ಬೀಸಣಿಗೆ. ಯಾವುದರಿಂದ ಧಗೆ ಏರುತ್ತದೆಂದು ನೀವೇ ಗಮನಿಸಿ. ನಮಗೆ ಸಂಜೆಯ ಬಿಸಿ ಸುಲೈಮಾನಿಯಿಂದ, ಇಲ್ಲಿಯ ಕೆಂಪು ಖಾರದಿಂದ ಏರುತ್ತಿತ್ತು. ನಿಮಗೆ ಬೇರೆ ಇರಬಹುದು. ಉಪವಾಸದ ಕಾಲದಲ್ಲಿ ಇಫ್ತಾರ್‌ನಿಂದ ಸಹರಿವರೆಗೆ ನೀರು ಸ್ವಲ್ಪ ಸ್ವಲ್ಪವಾಗಿ ಕುಡಿಯುತ್ತಾ ಇರಿ. ಮಾತ್ರೆಯ ಹೊತ್ತನ್ನು ಸಹರಿ ಅಥವಾ ಇಫ್ತಾರ್‌ಗೆ ಹೊಂದಿಸಬಹುದೇ ಎಂದು ವೈದ್ಯರಲ್ಲಿ ಮೊದಲೇ ಕೇಳಿಕೊಳ್ಳಿ.

ಮೂಳೆ. ಮಾತ್ರೆ ನಿಲ್ಲಿಸಿದ ಮೇಲೆ ಮೂಳೆಗೆ ಅದು ಕೊಡುತ್ತಿದ್ದ ಕಾವಲು ಹೋಗುತ್ತದೆ. ಈ ವಯಸ್ಸಿಗೆ ದಿನಕ್ಕೆ ಸುಮಾರು 1,000ದಿಂದ 1,200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಜೋಳದಲ್ಲಿ ಅದರ ಹತ್ತನೇ ಒಂದು ಪಾಲೂ ಇಲ್ಲ. ಒಂದು ಲೋಟ ಹಾಲಿನಲ್ಲಿ ಸುಮಾರು 240. ಎಳ್ಳು ಒಳ್ಳೆಯದು. ಊರಿನವರಿಗೆ ಬೂತಾಯಿ ಇದೆ, ಸಣ್ಣದನ್ನು ಮುಳ್ಳು ಸಮೇತ ಅಗಿದು ತಿನ್ನಬಹುದು. ವಿಟಮಿನ್ ಡಿ ಬೇಕಾದರೆ ಬಿಸಿಲು ಬೇಕು, ಅದು ಪರ್ದಾದಲ್ಲಿರುವ ನಮಗೆ ಕಡಿಮೆ. ಇಲ್ಲಿಯ ಮನೆಗಳ ಮಾಳಿಗೆಯ ಮೇಲೆ ಯಾರೂ ನೋಡದಲ್ಲಿ ಕೈಕಾಲಿಗೆ ಬಿಸಿಲು ಬೀಳುವ ಹಾಗೆ ಸ್ವಲ್ಪ ಹೊತ್ತು ಕುಳಿತುಕೊಳ್ಳಬಹುದು. ಕಡಿಮೆ ಇದ್ದರೆ ವೈದ್ಯರು ಮಾತ್ರೆ ಕೊಡುತ್ತಾರೆ. ದಿನಾ ನಡೆಯುವುದನ್ನು ಬಿಡಬೇಡಿ. ಅಪಾಯ ಹೆಚ್ಚಿದ್ದವರು ಮೂಳೆಯ ಗಟ್ಟಿತನ ನೋಡುವ ಡೆಕ್ಸಾ ಪರೀಕ್ಷೆ ಬೇಕೇ ಎಂದು ಕೇಳಿ.

ಹೇಳಲು ನಾಚಿಕೆಯಾಗುವ ತೊಂದರೆ. ಧಗೆ ಕಾಲಕ್ರಮೇಣ ತಗ್ಗುತ್ತದೆ. ಆದರೆ ಗುಪ್ತಾಂಗದ ಒಣಗು, ಉರಿಮೂತ್ರ, ದಾಂಪತ್ಯದ ನೋವು ತಾನಾಗಿ ಹೋಗುವುದಿಲ್ಲ, ವರ್ಷ ಕಳೆದಂತೆ ಹೆಚ್ಚುತ್ತದೆ. ಇದರಿಂದ ಗಂಡ ಹೆಂಡತಿಯ ನಡುವೆ ಕಾರಣ ತಿಳಿಯದ ದೂರ ಬೆಳೆಯುತ್ತದೆ. ಇದಕ್ಕೆ ಹಚ್ಚುವ ಕಡಿಮೆ ಪ್ರಮಾಣದ ಈಸ್ಟ್ರೋಜನ್ ಕ್ರೀಮ್ ಇದೆ, ಅದು ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಮಾತ್ರೆ ನಿಲ್ಲಿಸಿದವರಲ್ಲೂ ಹೆಚ್ಚಿನವರು ಇದನ್ನು ಬಳಸಬಹುದು. ಕ್ಯಾನ್ಸರ್ ಆಗಿದ್ದವರು ತಮ್ಮ ಕ್ಯಾನ್ಸರ್ ವೈದ್ಯರಲ್ಲಿ ಕೇಳಿಯೇ ಬಳಸಬೇಕು.

ಮಸ್‌ಅಲ ಕೇಳುವ ಮೊದಲು

ಮದ್ರಸದ ತಾಯಂದಿರು ನಮ್ಮಲ್ಲಿ ಕೇಳುವ ಒಂದು ಪ್ರಶ್ನೆ ಇದೆ. ಮುಟ್ಟು ನಿಂತು ವರ್ಷ ಕಳೆದ ಮೇಲೆ ರಕ್ತ ಕಂಡಿತು, ಇದು ಹೈಳೋ, ಇಸ್ತಿಹಾಳವೋ, ನಮಾಝ್ ಏನು ಮಾಡುವುದು? ಮಸ್‌ಅಲ ಉಸ್ತಾದರು ಹೇಳುತ್ತಾರೆ. ಆದರೆ ಅದರೊಂದಿಗೇ ವೈದ್ಯರ ಬಳಿಯೂ ಹೋಗಬೇಕು. ಒಂದು ವರ್ಷ ಮುಟ್ಟು ನಿಂತ ಮೇಲೆ ಒಂದೇ ಒಂದು ಸಲ ರಕ್ತ ಕಂಡರೂ ತಪಾಸಣೆ ಮಾಡಿಸಲೇಬೇಕು. ಹೆಚ್ಚಿನ ಸಲ ಅದು ಸಣ್ಣ ಕಾರಣ. ಕೆಲವೊಮ್ಮೆ ಗರ್ಭಕೋಶದ ಕ್ಯಾನ್ಸರ್‌ನ ಮೊದಲ ಸೂಚನೆ. ಬೇಗ ಸಿಕ್ಕರೆ ಗುಣವಾಗುತ್ತದೆ.

ಹಾಗೆಯೇ ರಾತ್ರಿ ಬೆವರನ್ನೆಲ್ಲ ಹಾರ್ಮೋನ್ ಮೇಲೆ ಹಾಕಬೇಡಿ. ಬೆವರಿನ ಜೊತೆ ತೂಕ ಇಳಿಯುತ್ತಿದ್ದರೆ, ಸಂಜೆ ಜ್ವರ, ಎರಡು ವಾರ ಮೀರಿದ ಕೆಮ್ಮು ಇದ್ದರೆ ಟಿಬಿ ಪರೀಕ್ಷೆ ಬೇಕು. ಸರಕಾರಿ ಆಸ್ಪತ್ರೆಯಲ್ಲಿ ಉಚಿತ. ಥೈರಾಯ್ಡ್‌ನಿಂದಲೂ ಧಗೆ ಬರುತ್ತದೆ. ಎದೆನೋವು, ಉಸಿರು ಕಟ್ಟುವುದು, ಒಂದೇ ಕಾಲು ಊದಿ ನೋಯುವುದು ಇದ್ದರೆ ಬೆಳಗಾಗುವವರೆಗೆ ಕಾಯಬೇಡಿ. ಮನಸ್ಸು ಕತ್ತಲಾಗಿ ಬದುಕು ಬೇಡ ಎನಿಸಿದರೆ ಸರಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಇದೆ, ಕರೆ ಉಚಿತ, ಕನ್ನಡದಲ್ಲಿ ಮಾತನಾಡಬಹುದು.

ಮನೆಯ ಗಂಡಸರಿಗೆ

ಬೆಳಗ್ಗೆ ಪತ್ರಿಕೆಯನ್ನು ಮೊದಲು ಓದುವವರು ನೀವು. ಈ ಪುಟವನ್ನು ಮಡಚಿ ಅಡುಗೆ ಕೋಣೆಗೆ ಕೊಟ್ಟರೆ ಸಾಲದು.

ವಿಜಯಪುರದಿಂದ ಬಂದ ರಾತ್ರಿ ನಾವು ಮನೆಯವರನ್ನೂ ಮಗನನ್ನೂ ಕೂರಿಸಿ ಎಲ್ಲವನ್ನೂ ಹೇಳಿದೆವು. ಮಗ 19 ವರ್ಷದವನು, ತಲೆ ತಗ್ಗಿಸಿ ಕೇಳಿದ. ಮನೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಷ್ಟು ದಿನ ನೀನು ನನ್ನ ಮೇಲೆ ಕೋಪ ಮಾಡಿದ್ದು ಎಂದು ತಿಳಿದಿದ್ದೆ" ಎಂದರು. ಮರುದಿನದಿಂದ ಸಹರಿಯ ಒಲೆ ಹಚ್ಚುವುದು ಅವರ ಪಾಲಿಗೆ ಬಂತು. ತಿಂಗಳ ಮಾತ್ರೆಯ ಚೀಟಿ ಮಗನ ಫೋನಿನಲ್ಲಿ ಸೇರಿತು. ಸ್ಟ್ರಿಪ್ ಮುಗಿಯಲು ಒಂದು ವಾರ ಇರುವಾಗಲೇ ಅವನು ತರುತ್ತಿದ್ದ. ಧಗೆ ಒಂದೇ ದಿನದಲ್ಲಿ ಹೋಗಲಿಲ್ಲ. ಆದರೆ ಧಗೆ ಬಂದಾಗ ಮನೆಯಲ್ಲಿ ಯಾರೂ ಮುಖ ಸಪ್ಪೆ ಮಾಡಿಕೊಳ್ಳುವುದು ನಿಂತಿತು. ನಮಗೆ ಅರ್ಧ ಕಾಯಿಲೆ ಅಲ್ಲೇ ಹೋದಂತಾಯಿತು.

ಬೈಸಿಕೊಂಡ ಆ ಹುಡುಗಿಯಲ್ಲಿಯೂ ನಾವು ಕ್ಷಮೆ ಕೇಳಿದೆವು. "ಜ್ವರಾ ಕಡಿಮಿ ಆದಾವೇನ್ರಿ ಆಪಾ?" ಎಂದಳು. ಹೌದು, ಕಡಿಮೆ ಆಗಿದೆ ಎಂದೆವು.

ಇಂದು ರಾತ್ರಿ ನಿಮ್ಮ ಉಮ್ಮನ, ಮಡದಿಯ, ಅಕ್ಕನ ಮಾತ್ರೆಯ ಡಬ್ಬಿ ಒಮ್ಮೆ ನೋಡಿ. ಅರ್ಧ ತಿಂದು ಬಿಟ್ಟ ಸ್ಟ್ರಿಪ್ ಇದ್ದರೆ ಕೇಳಿ: ಇದು ಯಾವುದಕ್ಕೆ, ನಿಲ್ಲಿಸಲು ಹೇಳಿದವರು ಯಾರು? ಉತ್ತರ "ಯಾರೂ ಅಲ್ಲ, ನಾನೇ" ಎಂದಾದರೆ ಆ ವಾರವೇ ಅವರನ್ನು ಕರೆದುಕೊಂಡು ವೈದ್ಯರ ಬಳಿಗೆ ಹೋಗಿ. ಕರೆಯಲಿ ಎಂದು ಕಾಯಬೇಡಿ. ನಮ್ಮ ಮನೆಯ ಹೆಣ್ಣುಮಕ್ಕಳು ತಾವಾಗಿ ಕರೆಯುವುದಿಲ್ಲ.